ಹೋಬಳಿಯ ನಾಲ್ಕು ಸರ್ಕಾರಿ ಶಾಲೆ, ಒಂದು ನೋಟ್‌ಬುಕ್

ಮಗುವನ್ನು ಒಂದನೇ ಕ್ಲಾಸಿಗೋ ಎಂಟನೇ ಕ್ಲಾಸಿಗೋ ಸೇರಿಸುವ ಮುಂಚೆ ಸುತ್ತಲಿನ ಸರ್ಕಾರಿ ಶಾಲೆಗಳನ್ನು ತಾಳೆ ನೋಡಲು ಹೊರಟವರು ಸಾಮಾನ್ಯವಾಗಿ ಮೂರು ಸಂಗತಿ ವಿಚಾರಿಸಿಕೊಂಡು ಮನೆಗೆ ಬರುತ್ತಾರೆ. ಗೋಡೆಗೆ ಹೊಸ ಬಣ್ಣ ಬಿದ್ದಿದೆಯೇ, ಹೆಸರಿನಲ್ಲಿ 'ಮಾದರಿ', 'ಪಬ್ಲಿಕ್' ಅಂತ ಏನಾದರೂ ಇದೆಯೇ, ಹೋದ ವರ್ಷ ಎಸ್ಸೆಸ್ಸೆಲ್ಸಿ ಎಷ್ಟು ಪರ್ಸೆಂಟು. ಮಂಗಳವಾರ ಮಧ್ಯಾಹ್ನ ಎರಡೂವರೆಗೆ ನಿಮ್ಮ ಮಗುವಿನ ಕ್ಲಾಸಿನಲ್ಲಿ ಮೇಷ್ಟ್ರು ಇರುತ್ತಾರೋ ಇಲ್ಲವೋ ಅನ್ನುವುದನ್ನು ಈ ಮೂರರಲ್ಲಿ ಒಂದೂ ಹೇಳುವುದಿಲ್ಲ. ಹಳ್ಳಿ ಕಡೆ ಒಂದು ಶಾಲೆಗೂ ಇನ್ನೊಂದಕ್ಕೂ ಇರುವ ಅಂತರದಲ್ಲಿ ದೊಡ್ಡ ಪಾಲು ಅದೇ. ಹಾಗಾಗಿ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುವುದೆಲ್ಲ ಆ ಒಂದು ಪ್ರಶ್ನೆಯ ಸುತ್ತಲೇ ಇರಬೇಕು.

ಮೊದಲು, ಯಾವಾಗ ಹೋಗಬೇಕು ಅನ್ನುವುದು. ಮೇ ಕೊನೆಯಲ್ಲಿ ಶಾಲೆ ತೆರೆಯುವ ವಾರ ಎಲ್ಲ ಶಾಲೆಯೂ ಮದುವೆ ಮನೆಯೇ: ತೋರಣ, ಪಾಯಸ, ದಾಖಲಾತಿ ಆಂದೋಲನದ ಜಾಥಾ. ಅದನ್ನು ನೋಡಿ ತೀರ್ಮಾನ ಮಾಡಿದರೆ ಮೋಸ ಹೋದ ಹಾಗೆ. ಪ್ರತಿಭಾ ಕಾರಂಜಿ, ಹೋಬಳಿ ಮಟ್ಟದ ಕ್ರೀಡಾಕೂಟ, ವಾರ್ಷಿಕೋತ್ಸವದ ದಿನಗಳೂ ಆಗುವುದಿಲ್ಲ. ಶನಿವಾರ ಬೆಳಗಿನ ಅರ್ಧ ದಿನ, ಅದೂ ಬೇಡ. ಸೇರಿಸುವ ಹಿಂದಿನ ಶೈಕ್ಷಣಿಕ ವರ್ಷದಲ್ಲಿ, ದಸರಾ ರಜೆ ಮುಗಿದ ಮೇಲೆ ನವೆಂಬರಿನಿಂದ ಜನವರಿಯೊಳಗೆ ಎರಡು ಸಲ ಹೋಗಬೇಕು. ಒಂದು ಸಲ ಮಾಮೂಲಿ ದಿನ, ಇನ್ನೊಂದು ಸಲ ಆ ಊರಿನ ಸಂತೆ ದಿನ. ಸಂತೆ ದಿನ ಮಕ್ಕಳ ಹಾಜರಿ ಎಷ್ಟು ಇಳಿಯುತ್ತದೆ ಅನ್ನುವುದು ಊರಿಗೂ ಶಾಲೆಗೂ ಇರುವ ನಂಟನ್ನು ಯಾವ ವರದಿಗಿಂತ ಚೆನ್ನಾಗಿ ಹೇಳುತ್ತದೆ. ಎರಡು ಸಲವೂ ಹೆಡ್‌ಮಾಸ್ಟರಿಗೆ ಹೇಳಿಯೇ ಒಳಗೆ ಹೋಗಬೇಕು. 'ಸರ್, ಮುಂದಿನ ವರ್ಷ ಮಗು ಸೇರಿಸೋಣ ಅಂತಿದೀವಿ, ಒಂದು ಸಲ ನೋಡ್ಕೊಂಡು ಹೋಗ್ಬಹುದಾ' ಅಂದರೆ ಬೇಡ ಅನ್ನುವವರು ಕಡಿಮೆ. ದಾಖಲಾತಿ ಇಳಿಯುತ್ತಿರುವ ಕಾಲದಲ್ಲಿ ಹೊಸ ಮಗು ಬರುತ್ತದೆ ಅಂದರೆ ಕುರ್ಚಿ ಹಾಕಿ ಕೂರಿಸುತ್ತಾರೆ.

ಅದಕ್ಕೂ ಮುಂಚೆ ಮನೆಯಲ್ಲೇ ಕೂತು ಮಾಡುವ ಕೆಲಸವಿದೆ. ಮಗು ಹೋಗಿಬರಬಹುದಾದ ಶಾಲೆಗಳ ಪಟ್ಟಿ ಮಾಡಿ, ಒಂದೊಂದಕ್ಕೆ ಒಂದೊಂದು ಹಾಳೆ ಬಿಡುವುದು. ಸಾಮಾನ್ಯ ಹೋಬಳಿಯಲ್ಲಿ ಈ ಪಟ್ಟಿ ನಾಲ್ಕಕ್ಕೆ ನಿಲ್ಲುತ್ತದೆ: ಊರಿನಲ್ಲೇ ಇರುವ ಕಿರಿಯ ಪ್ರಾಥಮಿಕ ಶಾಲೆ (1ರಿಂದ 5), ಪಕ್ಕದೂರಿನ ಹಿರಿಯ ಪ್ರಾಥಮಿಕ ಶಾಲೆ (1ರಿಂದ 7, ಕೆಲವು ಕಡೆ 8), ದೊಡ್ಡ ಊರಿನ ಪ್ರೌಢಶಾಲೆ (8ರಿಂದ 10), ಮತ್ತು ಹತ್ತಿರದಲ್ಲಿ ಇದ್ದರೆ ಎಲ್‌ಕೆಜಿಯಿಂದ ಪಿಯುಸಿವರೆಗೆ ಒಂದೇ ಆವರಣದಲ್ಲಿ ನಡೆಯುವ ಕರ್ನಾಟಕ ಪಬ್ಲಿಕ್ ಶಾಲೆ. ಈ ಕೊನೆಯದು 2018-19ರಲ್ಲಿ ಶುರುವಾದ ವ್ಯವಸ್ಥೆ. ಊರವರ ಬಾಯಲ್ಲಿ ಕೆಪಿಎಸ್. ಖಾಸಗಿ ಶಾಲೆಯ ಆರ್‌ಟಿಇ ಸೀಟನ್ನು, ಅಂದರೆ ಶಿಕ್ಷಣ ಹಕ್ಕು ಕಾಯ್ದೆಯಲ್ಲಿ ಬಡ ಮಕ್ಕಳಿಗೆ ಸಿಗುವ ಉಚಿತ ಸೀಟನ್ನು, ಪಟ್ಟಿಗೆ ಸೇರಿಸಿಕೊಳ್ಳುವವರು ಈಗಲೂ ಇದ್ದಾರೆ. 2019-20ರಿಂದ ಕರ್ನಾಟಕದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ನೆರೆಯಲ್ಲಿ ಇದ್ದರೆ ಆ ಸೀಟು ಸಿಗುವುದಿಲ್ಲ. ಹಳ್ಳಿಯಲ್ಲಿ ಅಂದರೆ ಇಲ್ಲವೇ ಇಲ್ಲ ಅಂದುಕೊಳ್ಳಿ.

ಹಾಳೆಯ ತಲೆಯಲ್ಲಿ ಶಾಲೆಯ ಹೆಸರಿಗಿಂತ ಮುಂಚೆ ಬರೆದುಕೊಳ್ಳಬೇಕಾದದ್ದು ಯು-ಡೈಸ್ ಸಂಖ್ಯೆ, ದೇಶದ ಪ್ರತಿ ಶಾಲೆಗೂ ಸರ್ಕಾರ ಕೊಟ್ಟಿರುವ 11 ಅಂಕಿಯ ಗುರುತು. ಶಾಲೆಯ ಗೋಡೆ ಮೇಲೆ ಹೆಸರಿನ ಬುಡದಲ್ಲೇ ಬರೆದಿರುತ್ತಾರೆ. ಮೊದಲ ಎರಡು ಅಂಕಿ ರಾಜ್ಯ, ಕರ್ನಾಟಕಕ್ಕೆ 29. ಆಮೇಲೆ ಎರಡು ಜಿಲ್ಲೆ, ಎರಡು ಬ್ಲಾಕು, ಮೂರು ಊರು, ಕೊನೆಯ ಎರಡು ಶಾಲೆ. ಹೆಸರು ಹಾಕಿ ಹುಡುಕಿದರೆ ಎಡವಟ್ಟಾಗುತ್ತದೆ. ಒಂದೇ ತಾಲ್ಲೂಕಿನಲ್ಲಿ ಹೊಸಹಳ್ಳಿಗಳು ಎರಡು ಮೂರು ಇರುತ್ತವೆ. ಒಂದೇ ಕಾಂಪೌಂಡಿನೊಳಗೆ ಕನ್ನಡ ಶಾಲೆ, ಉರ್ದು ಶಾಲೆ, ಹೈಸ್ಕೂಲು ಇದ್ದರೆ ಮೂರಕ್ಕೂ ಬೇರೆ ಬೇರೆ ಸಂಖ್ಯೆ ಇರುವುದುಂಟು. ಸಂಖ್ಯೆ ಸಿಕ್ಕರೆ ಯು-ಡೈಸ್ ಪ್ಲಸ್ ಜಾಲತಾಣದ 'ನೋ ಯುವರ್ ಸ್ಕೂಲ್' ವಿಭಾಗದಲ್ಲಿ ಶಾಲೆಯ ರಿಪೋರ್ಟ್ ಕಾರ್ಡ್ ತೆರೆಯಬಹುದು: ತರಗತಿವಾರು ಮಕ್ಕಳು, ಶಿಕ್ಷಕರ ಸಂಖ್ಯೆ, ಕೊಠಡಿ, ಶೌಚಾಲಯ, ಕಂಪ್ಯೂಟರ್, ಅನುದಾನ.

ಈ ಕಾರ್ಡನ್ನು ಓದುವಾಗ ಎರಡು ಎಚ್ಚರಿಕೆ. ಅದನ್ನು ತುಂಬಿದವರು ಶಾಲೆಯವರೇ, ಮತ್ತು ನೀವು ನೋಡುತ್ತಿರುವುದು ಹಿಂದಿನ ವರ್ಷದ್ದು. ಅದಕ್ಕಾಗಿ ಒಂದೇ ವರ್ಷದ ಕಾರ್ಡು ಸಾಲದು. ಮೂರು ವರ್ಷದ್ದು ಪಕ್ಕಪಕ್ಕ ಇಟ್ಟು ಒಂದನೇ ತರಗತಿಯ ದಾಖಲಾತಿಯನ್ನು ಮಾತ್ರ ನೋಡಿ. ಒಟ್ಟು ಸಂಖ್ಯೆ 70 ಇದ್ದೂ ಒಂದನೇ ಕ್ಲಾಸಿಗೆ 14, 9, 5 ಅಂತ ಇಳಿಯುತ್ತಿದ್ದರೆ ಆ ಶಾಲೆ ಮೇಲಿನ ತರಗತಿಗಳ ಭಾರದಲ್ಲಿ ನಿಂತಿದೆ ಅಂತ ಅರ್ಥ. ನಾಲ್ಕು ವರ್ಷದಲ್ಲಿ ಅಲ್ಲಿ ಶಿಕ್ಷಕರು 'ಹೆಚ್ಚುವರಿ' ಆಗಿ ಬೇರೆಡೆ ಹೋಗುತ್ತಾರೆ, ಉಳಿದ ಮಕ್ಕಳಿಗೆ ವಿಲೀನದ ಮಾತು ಶುರುವಾಗುತ್ತದೆ.

ಇನ್ನು ಶಿಕ್ಷಕರ ಲೆಕ್ಕ. ಅರ್ಧ ನೋಟ್‌ಬುಕ್ ಇದಕ್ಕೇ ಹೋದರೂ ಚಿಂತೆಯಿಲ್ಲ.

ಶಿಕ್ಷಣ ಹಕ್ಕು ಕಾಯ್ದೆ ಹೇಳುವುದು ಹೀಗೆ: 1ರಿಂದ 5ನೇ ತರಗತಿಗೆ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು, 61ರಿಂದ 90ಕ್ಕೆ ಮೂವರು, 91ರಿಂದ 120ಕ್ಕೆ ನಾಲ್ವರು, 121ರಿಂದ 200ಕ್ಕೆ ಐವರು. 6ರಿಂದ 8ಕ್ಕೆ ತರಗತಿಗೆ ಒಬ್ಬರಾದರೂ ಇರಬೇಕು. ವಿಜ್ಞಾನ-ಗಣಿತಕ್ಕೆ, ಸಮಾಜ ವಿಜ್ಞಾನಕ್ಕೆ, ಭಾಷೆಗೆ ತಲಾ ಒಬ್ಬರು ಇರಲೇಬೇಕು. ಈ ಅಳತೆ ದೊಡ್ಡ ಶಾಲೆಗೆ ಸರಿ. ಸಣ್ಣ ಶಾಲೆಯಲ್ಲಿ ಇದು ಕಣ್ಣಿಗೆ ಮಣ್ಣೆರಚುತ್ತದೆ. 24 ಮಕ್ಕಳಿಗೆ ಇಬ್ಬರು ಶಿಕ್ಷಕರು ಅಂದರೆ ಹನ್ನೆರಡಕ್ಕೊಬ್ಬರು, ಪೇಟೆಯ ಯಾವ ಖಾಸಗಿ ಶಾಲೆಯೂ ಕೊಡದ ಅನುಪಾತ. ಆದರೆ ತರಗತಿ ಐದು, ಮನುಷ್ಯರು ಇಬ್ಬರು, ಅವರಲ್ಲಿ ಒಬ್ಬರು ಮುಖ್ಯ ಶಿಕ್ಷಕರ ಪ್ರಭಾರದಲ್ಲಿ ಬಿಸಿಯೂಟದ ಲೆಕ್ಕ, ಆನ್‌ಲೈನ್ ಎಂಟ್ರಿ, ಕ್ಲಸ್ಟರ್ (ಅಕ್ಕಪಕ್ಕದ ಶಾಲೆಗಳ ಗುಂಪು) ಮೀಟಿಂಗು ಅಂತ ಓಡಾಡುವವರು. ಆದ್ದರಿಂದ ಮಕ್ಕಳನ್ನು ಶಿಕ್ಷಕರಿಂದ ಭಾಗಿಸಬೇಡಿ. ಶಿಕ್ಷಕರ ನಿಮಿಷಗಳನ್ನು ತರಗತಿಗಳಿಂದ ಭಾಗಿಸಿ.

ಉದಾಹರಣೆಗೆ 1ರಿಂದ 7ರ ಶಾಲೆ, ಮೂವರು ಶಿಕ್ಷಕರು. ಒಂದು, ಎರಡು, ಮೂರನೇ ತರಗತಿ ನಲಿ-ಕಲಿ. ಒಟ್ಟಿಗೆ ಒಂದೇ ಕೋಣೆ, ಒಬ್ಬರು ಮೇಡಂ. ಉಳಿದ ಇಬ್ಬರ ಪಾಲಿಗೆ ನಾಲ್ಕು, ಐದು, ಆರು, ಏಳು. ದಿನಕ್ಕೆ 40 ನಿಮಿಷದ ಎಂಟು ಪೀರಿಯಡ್ ಎಂದಿಟ್ಟುಕೊಂಡರೆ ಒಬ್ಬರಿಗೆ 320 ನಿಮಿಷ, ಇಬ್ಬರಿಗೆ 640. ನಾಲ್ಕು ತರಗತಿಗೆ ಹಂಚಿದರೆ ಒಂದಕ್ಕೆ 160 ನಿಮಿಷ. ಅಂದರೆ ಏಳನೇ ಕ್ಲಾಸಿನ ಹುಡುಗಿ ಶಾಲೆಯಲ್ಲಿ ಇರುವ ಹೊತ್ತಿನಲ್ಲಿ ಅರ್ಧ ಹೊತ್ತು ಅವಳ ಪಾಠಕ್ಕೆ ಯಾರೂ ಇಲ್ಲ. ಇಬ್ಬರಲ್ಲಿ ಒಬ್ಬರು ತರಬೇತಿಗೆ ಹೋದ ದಿನ ಅದು 80 ನಿಮಿಷ. ಇದು ಯಾರ ಸೋಮಾರಿತನವೂ ಅಲ್ಲ, ಬರೀ ಭಾಗಾಕಾರ.

ಈ ಲೆಕ್ಕ ಸರಿಯಾಗಿ ಬರಬೇಕಾದರೆ 'ಎಷ್ಟು ಜನ ಮೇಷ್ಟ್ರಿದ್ದಾರೆ' ಅಂತ ಒಂದೇ ಪ್ರಶ್ನೆ ಕೇಳಿದರೆ ಆಗುವುದಿಲ್ಲ. ನಾಲ್ಕು ಬೇರೆ ಬೇರೆ ಕೇಳಬೇಕು. ಮಂಜೂರಾದ ಹುದ್ದೆ ಎಷ್ಟು? ಭರ್ತಿ ಎಷ್ಟು? ಭರ್ತಿಯಾದವರಲ್ಲಿ ನಿಯೋಜನೆ ಮೇಲೆ ಬೇರೆಡೆ ಇರುವವರು ಎಷ್ಟು? ಅತಿಥಿ ಶಿಕ್ಷಕರು ಎಷ್ಟು, ಈ ವರ್ಷ ಯಾವ ತಿಂಗಳು ಬಂದರು? ಮೂರನೆಯದು ಮುಖ್ಯ. ಸಂಬಳ ಈ ಶಾಲೆಯ ಹೆಸರಿನಲ್ಲಿ, ಕೆಲಸ ಇನ್ನೆಲ್ಲೋ ಇರುವವರನ್ನು ಕಾಗದ 'ಇದ್ದಾರೆ' ಅಂತಲೇ ತೋರಿಸುತ್ತದೆ. ಐವರು ಅಂತ ಕಾರ್ಡಿನಲ್ಲಿರುವ ಶಾಲೆಯಲ್ಲಿ ಒಬ್ಬರು ನಿಯೋಜನೆ, ಒಬ್ಬರು ದೈಹಿಕ ಶಿಕ್ಷಕರು, ಒಬ್ಬರು ಹೆಡ್‌ಮಾಸ್ಟರು ಅಂತ ಕಳೆದರೆ ಇಡೀ ದಿನ ಪಾಠಕ್ಕೆ ಉಳಿಯುವವರು ಇಬ್ಬರು. ಅತಿಥಿ ಶಿಕ್ಷಕರು ಶಾಲೆ ಶುರುವಾದ ದಿನವೇ ಬರುವುದಿಲ್ಲ. ಆದೇಶ ಬರಬೇಕು, ಆಯ್ಕೆಯಾಗಬೇಕು. ಆ ಹುದ್ದೆಯ ಮೇಲೆ ನಿಂತ ವಿಷಯಕ್ಕೆ ಮೊದಲ ಪರೀಕ್ಷೆ ಹೊತ್ತಿಗೆ ಎರಡು ಪಾಠವೂ ಆಗಿರುವುದಿಲ್ಲ.

ಇದನ್ನು ಕೇಳಲು ಸರಿಯಾದ ವ್ಯಕ್ತಿ ಸಿಆರ್‌ಪಿ, ಅಂದರೆ ಸಮೂಹ ಸಂಪನ್ಮೂಲ ವ್ಯಕ್ತಿ. ಕ್ಲಸ್ಟರಿನ ಎಲ್ಲ ಶಾಲೆಗೂ ಓಡಾಡುವವರು. ನಾಲ್ಕು ಶಾಲೆಯ ಅಂಕಿ ಒಬ್ಬರ ಬಾಯಲ್ಲೇ ಸಿಗುತ್ತದೆ. ಅವರೂ ಹೇಳದಿದ್ದರೆ ಬಿಇಒ, ಅಂದರೆ ಕ್ಷೇತ್ರ ಶಿಕ್ಷಣಾಧಿಕಾರಿ ಕಚೇರಿಗೆ ಮಾಹಿತಿ ಹಕ್ಕು ಅರ್ಜಿ: ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದಲ್ಲಿ ಅರ್ಜಿ 150 ಪದ ಮೀರಬಾರದು, ಒಂದೇ ವಿಷಯದ್ದಾಗಿರಬೇಕು. 'ಈ ನಾಲ್ಕು ಶಾಲೆಗಳಲ್ಲಿ ಮಂಜೂರಾದ, ಭರ್ತಿಯಾದ, ನಿಯೋಜನೆಗೊಂಡ ಶಿಕ್ಷಕರ ಸಂಖ್ಯೆ' ಅಂದರೆ ಒಂದೇ ವಿಷಯ. ಅದರ ಜೊತೆ ಬಿಸಿಯೂಟದ ದೂರು ಸೇರಿಸಿದರೆ ವಾಪಸ್ ಬರುತ್ತದೆ.

ಇನ್ನೊಂದು ಪದ ಕಲಿತಿರಿ: ಒಒಡಿ, ಅನ್ಯಕಾರ್ಯ ನಿಮಿತ್ತ. ರಜೆಯಲ್ಲ, ಗೈರೂ ಅಲ್ಲ, ಶಾಲೆಯಲ್ಲೂ ಇಲ್ಲ. ತರಬೇತಿ, ಮತದಾರರ ಪಟ್ಟಿ, ಪರೀಕ್ಷಾ ಕೆಲಸ, ಸಮೀಕ್ಷೆ. 2025ರ ಸಾಮಾಜಿಕ-ಶೈಕ್ಷಣಿಕ ಸಮೀಕ್ಷೆಗೆ ಶಿಕ್ಷಕರೇ ಮನೆಮನೆ ಸುತ್ತಿದರು. ಅಕ್ಟೋಬರ್ 7ಕ್ಕೆ ಮುಗಿಯಬೇಕಿದ್ದ ದಸರಾ ರಜೆಯನ್ನು ಸರ್ಕಾರಿ ಶಾಲೆಗಳಿಗೆ 18ರವರೆಗೆ ಎಳೆಯಬೇಕಾಯಿತು. ಇಂಥ ಹೊರೆ ಎಲ್ಲ ಶಾಲೆಗೂ ಸಮನಾಗಿ ಬಂದರೂ ಪೆಟ್ಟು ಸಮನಾಗಿ ಬೀಳುವುದಿಲ್ಲ. ಹತ್ತು ಜನ ಇರುವ ಕೆಪಿಎಸ್‌ನಲ್ಲಿ ಇಬ್ಬರು ಹೋದರೆ ಟೈಮ್‌ಟೇಬಲ್ ಬದಲಾಗುತ್ತದೆ. ಇಬ್ಬರೇ ಇರುವ ಶಾಲೆಯಲ್ಲಿ ಒಬ್ಬರು ಹೋದರೆ ಟೈಮ್‌ಟೇಬಲ್ಲೇ ಇರುವುದಿಲ್ಲ.

ಶಾಲೆಗೆ ಹೋಗುವ ದಿನ ಪ್ರಾರ್ಥನೆಗೆ ಹತ್ತು ನಿಮಿಷ ಮುಂಚೆ ಗೇಟಿನ ಹತ್ತಿರ ಇರಿ. ಯಾರು ಯಾವ ಬಸ್ಸಿಗೆ ಬಂದರು ಅನ್ನುವುದು ಕಾಣುತ್ತದೆ. ನಾಡಗೀತೆ, ಸಂವಿಧಾನದ ಪೀಠಿಕೆ, ದಿನಪತ್ರಿಕೆಯ ಸುದ್ದಿ ಓದು, ಇವೆಲ್ಲ ಎಲ್ಲ ಕಡೆ ನಡೆಯುತ್ತವೆ. ನೋಡಬೇಕಾದದ್ದು ಸುದ್ದಿ ಓದುವ ಮಗು ದಿನಾ ಬದಲಾಗುತ್ತದೋ, ಅದೇ ಒಬ್ಬ ಗಟ್ಟಿ ದನಿಯ ಹುಡುಗನೋ ಅಂತ. ಮಕ್ಕಳನ್ನೇ ಕೇಳಿ, ಹೇಳುತ್ತಾರೆ.

ಆಮೇಲೆ ವರಾಂಡದ ಹಾಜರಾತಿ ಫಲಕ. ಕಪ್ಪು ಹಲಗೆಯ ಮೇಲೆ ಬಿಳಿ ಬಣ್ಣದಲ್ಲಿ ಗೆರೆ ಹಾಕಿ, ತರಗತಿವಾರು ದಾಖಲಾತಿ, ಹಾಜರಿ, ಗಂಡು, ಹೆಣ್ಣು ಅಂತ ಚಾಕ್‌ಪೀಸಿನಲ್ಲಿ ತುಂಬುವ ಹಲಗೆ. ಅದರಲ್ಲಿ ಮೊದಲು ದಿನಾಂಕ ನೋಡಿ. ಹನ್ನೊಂದು ಗಂಟೆಗೂ ನಿನ್ನೆಯ ದಿನಾಂಕ ಇದ್ದರೆ ಕ್ಷಮಿಸಬಹುದು. ಮೂರು ವಾರದ ಹಿಂದಿನದಿದ್ದರೆ ಆ ಶಾಲೆಯಲ್ಲಿ ಯಾರೂ ಯಾವುದನ್ನೂ ಎಣಿಸುತ್ತಿಲ್ಲ.

ಹಲಗೆಯ ಅಂಕಿ ನಿಜವೋ ಅಲ್ಲವೋ ಅನ್ನುವುದಕ್ಕೆ ಅಡುಗೆ ಮನೆ ಇದೆ. ಅಕ್ಷರ ದಾಸೋಹದಲ್ಲಿ, ಅಂದರೆ ಬಿಸಿಯೂಟದಲ್ಲಿ, 1ರಿಂದ 5ರ ಮಗುವಿಗೆ ದಿನಕ್ಕೆ 100 ಗ್ರಾಂ ಧಾನ್ಯ, 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ, 5 ಗ್ರಾಂ ಎಣ್ಣೆ. 6ರಿಂದ 8ಕ್ಕೆ ಅದು 150, 30, 75, ಏಳೂವರೆ. 1ರಿಂದ 5ರ 60 ಮಕ್ಕಳು ಬಂದಿದ್ದರೆ 6 ಕಿಲೋ ಅಕ್ಕಿ, 1 ಕಿಲೋ 200 ಗ್ರಾಂ ಬೇಳೆ, 3 ಕಿಲೋ ತರಕಾರಿ. ಹಾಲು 150 ಮಿಲಿ, ಅದಕ್ಕೆ 18 ಗ್ರಾಂ ಪುಡಿ. 60 ಮಕ್ಕಳಿಗೆ ಒಂದು ಕಿಲೋಗಿಂತ ಸ್ವಲ್ಪ ಜಾಸ್ತಿ. 'ಅಕ್ಕಾ, ಇವತ್ತು ಎಷ್ಟು ಅಕ್ಕಿ ಹಾಕಿದ್ರಿ?' ಅಂತ ಅಡುಗೆಯವರನ್ನು ಕೇಳಿದರೆ ಅವರು ಲೆಕ್ಕ ಮಾಡಿ ಹೇಳುವುದಿಲ್ಲ, ಇದ್ದದ್ದನ್ನು ಹೇಳುತ್ತಾರೆ. ನಾಲ್ಕು ಕಿಲೋ ಅಂದರೆ ಇವತ್ತು ಸುಮಾರು ನಲವತ್ತು ಮಕ್ಕಳು, ಹಲಗೆ ಮೇಲೆ 58 ಇದ್ದರೂ. ಸಣ್ಣ ಮಕ್ಕಳು ಹೇಳಿದಷ್ಟು ಉಣ್ಣುವುದಿಲ್ಲ, ಅಡುಗೆಯವರು ಅಂದಾಜಿನಲ್ಲಿ ಕಡಿಮೆ ಹಾಕುವುದೂ ಉಂಟು, ಹಾಗಾಗಿ ಹತ್ತಕ್ಕೆ ಒಂದೆರಡು ಪಾಲಿನ ವ್ಯತ್ಯಾಸವನ್ನು ಬಿಟ್ಟುಬಿಡಿ. ಮೂರನೇ ಒಂದು ಪಾಲು ಕಡಿಮೆ ಬಂದರೆ ಹಾಳೆಯಲ್ಲಿ ಬರೆದುಕೊಳ್ಳಿ. ದಾಖಲಾತಿ ಪುಸ್ತಕದಲ್ಲಿ ಗುಳೆ ಹೋದ ಮನೆಯ ಮಕ್ಕಳು, ವಸತಿ ಶಾಲೆಗೆ ಹೋಗಿಯೂ ಹೆಸರು ಉಳಿದವರು ಸೇರಿಕೊಂಡಿರುತ್ತಾರೆ. ಶಿಕ್ಷಕರ ಹುದ್ದೆ ದಾಖಲಾತಿ ಮೇಲೆ ನಿಂತಿರುವುದರಿಂದ ಹೆಸರು ಹೊಡೆಯಲು ಯಾರಿಗೂ ಅವಸರವಿಲ್ಲ. ಬಡಿಸುವ ಮುಂಚೆ ಶಿಕ್ಷಕರೊಬ್ಬರು ರುಚಿ ನೋಡಿ ಪುಸ್ತಕದಲ್ಲಿ ಸಹಿ ಹಾಕಬೇಕು. ಇಡೀ ವಾರದ ಸಹಿ ಒಂದೇ ಪೆನ್ನಿನಲ್ಲಿ ಒಂದೇ ಓರೆಯಲ್ಲಿ ಇದ್ದರೆ ಯಾವಾಗ ಹಾಕಿದ್ದು ಅಂತ ಬೇರೆ ಹೇಳಬೇಕಾಗಿಲ್ಲ.

ಶೌಚಾಲಯ. ಇದೆಯೇ ಅಂತ ಕೇಳಬೇಡಿ, ಬಹುತೇಕ ಎಲ್ಲ ಕಡೆ ಇದೆ. ಊಟದ ಬಿಡುವಿನಲ್ಲಿ ಹೆಣ್ಣುಮಕ್ಕಳ ಕಡೆಯದರ ಬಾಗಿಲಿಗೆ ಬೀಗ ಇದೆಯಾ, ಒಳಗೆ ನಲ್ಲಿ ತಿರುಗಿಸಿದರೆ ನೀರು ಬರುತ್ತದಾ, ಇಷ್ಟೇ. ಬಹಳ ಕಡೆ ಟ್ಯಾಂಕು ಇರುತ್ತದೆ, ಮೋಟಾರು ಕೆಟ್ಟಿರುತ್ತದೆ. ರಿಪೇರಿ ಯಾಕಾಗಿಲ್ಲ ಅಂದರೆ ಕಾರಣ ದುಡ್ಡು: ಸಮಗ್ರ ಶಿಕ್ಷಣ ಯೋಜನೆಯ ವಾರ್ಷಿಕ ಶಾಲಾ ಅನುದಾನ 30 ಮಕ್ಕಳವರೆಗಿನ ಶಾಲೆಗೆ 10,000 ರೂಪಾಯಿ, 100ರವರೆಗೆ 25,000, 250ರವರೆಗೆ 50,000. ಅದರಲ್ಲೇ ಚಾಕ್‌ಪೀಸು, ಕರೆಂಟು, ಸುಣ್ಣ, ಮೋಟಾರು ಎಲ್ಲ. ಸಣ್ಣ ಶಾಲೆಯ ಶೌಚಾಲಯ ಚೆನ್ನಾಗಿದ್ದರೆ ಅದರ ಹಿಂದೆ ಎಸ್‌ಡಿಎಂಸಿಯೋ (ಹೆತ್ತವರಿರುವ ಶಾಲಾಭಿವೃದ್ಧಿ ಸಮಿತಿ), ಹಳೆ ವಿದ್ಯಾರ್ಥಿಗಳೋ, ಪಂಚಾಯ್ತಿ ಸದಸ್ಯರೋ ಯಾರೋ ಒಬ್ಬರು ನಿಂತಿರುತ್ತಾರೆ. ಅವರು ಯಾರು ಅಂತ ಕೇಳಿ ಬರೆದುಕೊಳ್ಳಿ. ಮುಂದೆ ಬೇಕಾಗುತ್ತದೆ.

ಕಂಪ್ಯೂಟರ್, ಸ್ಮಾರ್ಟ್ ಕ್ಲಾಸ್ ಟಿವಿ ಬಗ್ಗೆ ಹೆಚ್ಚು ಹೊತ್ತು ಕಳೆಯಬೇಡಿ. ಬಟ್ಟೆ ಹೊದಿಸಿದ್ದರೆ ಅದರ ಮೇಲಿನ ಧೂಳೇ ಸಾಕು.

ಪುಟ್ಟ ಮಗುವಿಗೆ ಶಾಲೆ ನೋಡುವವರು ಅರ್ಧ ಗಂಟೆಯಾದರೂ ನಲಿ-ಕಲಿ ಕೋಣೆಯಲ್ಲಿ ಮೂಲೆ ಹಿಡಿದು ಕೂರಬೇಕು. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ಪದ್ಧತಿ ಇದು. ಒಂದೇ ಕೋಣೆಯಲ್ಲಿ ಬೇರೆ ಬೇರೆ ತರಗತಿಯ ಮಕ್ಕಳು ಇದ್ದೇ ಇರುತ್ತಾರೆ ಅನ್ನುವುದನ್ನು ಒಪ್ಪಿಕೊಂಡೇ ಕಟ್ಟಿದ್ದು. ಗೋಡೆಗೆ ಕಲಿಕಾ ಏಣಿ, ಅದರಲ್ಲಿ ಮೈಲಿಗಲ್ಲುಗಳು, ಪ್ರತಿ ಮೆಟ್ಟಿಲಿಗೂ ಚಿತ್ರದ ಗುರುತಿರುವ ಕಾರ್ಡು, ನೆಲದ ಮೇಲೆ ಗುಂಪುಗಳಿಗೆ ತಟ್ಟೆ, ತಲೆ ಮೇಲೆ ದಾರ ಕಟ್ಟಿ ಮಕ್ಕಳ ಚಿತ್ರ ತೂಗುಹಾಕಿದ ಚಪ್ಪರ, ಪಕ್ಕದಲ್ಲಿ ಪ್ರಗತಿ ನೋಟ. ಕೆಲವು ಮಕ್ಕಳು ಶಿಕ್ಷಕರ ಜೊತೆ, ಕೆಲವರು ಜೊತೆಯ ಮಕ್ಕಳ ಜೊತೆ, ಉಳಿದವರು ತಮ್ಮಷ್ಟಕ್ಕೆ ತಾವು. ಕಾರ್ಡಿನ ಅಂಚು ನೋಡಿ. ಬಳಸಿದ ಕಾರ್ಡು ಮೂಲೆ ಸವೆದು ಬೆರಳಿನ ಎಣ್ಣೆಗೆ ಕಪ್ಪಾಗಿರುತ್ತದೆ. ಬಳಸದ ಕಾರ್ಡು ಕಟ್ಟಿನಲ್ಲೇ ಒಂದಕ್ಕೊಂದು ಅಂಟಿಕೊಂಡಿರುತ್ತದೆ. ಒಂದು ಮಗುವನ್ನು ಕರೆದು 'ನೀನು ಏಣಿಯಲ್ಲಿ ಎಲ್ಲಿದ್ದೀಯ, ತೋರ್ಸು' ಅನ್ನಿ. ನಲಿ-ಕಲಿ ನಿಜವಾಗಿ ನಡೆಯುವ ಕಡೆ ಮಗು ಎದ್ದು ಹೋಗಿ ಬೆರಳಿಟ್ಟು ತೋರಿಸುತ್ತದೆ. ನಡೆಯದ ಕಡೆ ಮೇಡಂ ಮುಖ ನೋಡುತ್ತದೆ. ಈ ಕೋಣೆಯ ಮೇಡಂ ಒಬ್ಬರು ಗಟ್ಟಿಯಾಗಿದ್ದರೆ ಕಿರಿಯ ಪ್ರಾಥಮಿಕ ಶಾಲೆಯ ಉಳಿದೆಲ್ಲ ಕೊರತೆಯನ್ನೂ ಮೂರು ವರ್ಷ ತಡೆದುಕೊಳ್ಳಬಹುದು ಅನ್ನುವುದು ನಮ್ಮ ಲೆಕ್ಕ.

ಆಮೇಲೆ ಐದನೇ ಕ್ಲಾಸಿನ ಓದು. ಐದನೇ ಕ್ಲಾಸು ಇರುವ ಎಲ್ಲ ಶಾಲೆಯಲ್ಲೂ ಒಂದೇ ರೀತಿ ಮಾಡಿದರೆ ಮಾತ್ರ ಹೋಲಿಕೆಗೆ ಬರುತ್ತದೆ. ಜಿಲ್ಲೆಯ ಅಂಕಿ ಇಲ್ಲಿ ಉಪಯೋಗಕ್ಕಿಲ್ಲ. 2021ರ ರಾಷ್ಟ್ರೀಯ ಸಾಧನಾ ಸಮೀಕ್ಷೆಯಾಗಲಿ, 2024ರ ಡಿಸೆಂಬರಿನಲ್ಲಿ ಮೂರು, ಆರು, ಒಂಬತ್ತನೇ ತರಗತಿಗೆ ನಡೆದ ಪರಖ್ ಸಮೀಕ್ಷೆಯಾಗಲಿ ಜಿಲ್ಲೆ ಹೇಗಿದೆ ಅನ್ನುತ್ತವೆ, ಪಕ್ಕದೂರಿನ ಶಾಲೆ ಹೇಗಿದೆ ಅನ್ನುವುದಿಲ್ಲ. ಮಕ್ಕಳ ಓದು ಅಳೆಯಲು ಅಸರ್ ಸಮೀಕ್ಷೆಯವರು ಹಳ್ಳಿ ಮನೆಗಳಲ್ಲಿ ಬಳಸುವ ಮೆಟ್ಟಿಲು ಸರಳವಾಗಿದೆ, ಅದನ್ನೇ ಬಳಸಿ: ಅಕ್ಷರ, ಪದ, ನಾಲ್ಕು ಸಾಲಿನ ಪ್ಯಾರಾ, ಎರಡನೇ ತರಗತಿ ಮಟ್ಟದ ಕಥೆ. ಶುರು ಮಾಡುವುದು ಪ್ಯಾರಾದಿಂದ. ಸರಾಗವಾಗಿ ಓದಿದರೆ ಕಥೆಗೆ ಏರಿಸಿ, ತಡವರಿಸಿದರೆ ಪದಕ್ಕೆ ಇಳಿಸಿ, ಅಲ್ಲೂ ಐದರಲ್ಲಿ ನಾಲ್ಕು ಬರದಿದ್ದರೆ ಅಕ್ಷರಕ್ಕೆ.

ಮಕ್ಕಳನ್ನು ಆರಿಸುವಾಗ ಮೇಷ್ಟ್ರು ಕರೆದವರನ್ನು ಓದಿಸಿದರೆ ಪ್ರಯೋಜನವಿಲ್ಲ, ಮೊದಲು ಬರುವವನು ಕ್ಲಾಸ್ ಲೀಡರೇ. ಹಾಜರಿ ಪುಸ್ತಕದ ಪ್ರತಿ ಮೂರನೇ ಹೆಸರು ಅಂತ ಕೇಳಿ. ಆರು ಮಕ್ಕಳು ಸಾಕು. ಹೆಸರು ಬರೆದುಕೊಳ್ಳಬೇಡಿ. ವರಾಂಡದಲ್ಲಿ, ಒಬ್ಬೊಬ್ಬರನ್ನೇ, ಪಕ್ಕದಲ್ಲಿ ಕೂತು. ಪಠ್ಯಪುಸ್ತಕ ಕೊಟ್ಟರೆ ಬಾಯಿಪಾಠ ಹೇಳಿಬಿಡುತ್ತಾರೆ, ಕಣ್ಣು ಪುಟದ ಮೇಲೆ ಇರುವುದೇ ಇಲ್ಲ. ಮಕ್ಕಳ ಪತ್ರಿಕೆಯದೊಂದು ಹಾಳೆ ಜೇಬಿನಲ್ಲಿ ಇಟ್ಟುಕೊಂಡು ಹೋಗಿ. ಕನ್ನಡದಲ್ಲಿ ಎಡವುವ ಜಾಗ ಗೊತ್ತಿರುವುದೇ. ಕಾಗುಣಿತ ಬರುತ್ತದೆ, ಒತ್ತಕ್ಷರ ಬಂದ ಕೂಡಲೇ ನಿಲ್ಲುತ್ತಾರೆ: 'ಅಜ್ಜಿ' ಅನ್ನುವುದು 'ಅ... ಜಿ' ಆಗುತ್ತದೆ, 'ಸೂರ್ಯ' ಅನ್ನುವ ಕಡೆ ಅರ್ಕಾವತ್ತು ಎಲ್ಲಿ ಸೇರಿಸಬೇಕು ಅಂತ ತಿಳಿಯದೆ 'ಸೂಯ' ಅಂದು ಮುಂದೆ ಹೋಗುತ್ತಾರೆ. ಐದನೇ ಕ್ಲಾಸಿನಲ್ಲಿ ಆರಕ್ಕೆ ನಾಲ್ಕು ಮಕ್ಕಳು ಒತ್ತಕ್ಷರದಲ್ಲೇ ನಿಂತರೆ ಮೂರನೇ ತರಗತಿಯಿಂದೀಚೆಗೆ ಅವರ ಓದನ್ನು ಯಾರೂ ಕೂತು ಕೇಳಿಲ್ಲ ಅಂತ ಲೆಕ್ಕ. ಮೇಲಿನ ಭಾಗಾಕಾರದ 160 ನಿಮಿಷ ಇಲ್ಲಿ ಕಿವಿಗೆ ಕೇಳಿಸುತ್ತದೆ.

ಲೆಕ್ಕಕ್ಕೆ ಎರಡೇ ಪ್ರಶ್ನೆ. 53ರಲ್ಲಿ 27 ಕಳೆ. ಉತ್ತರ 26. ಯಾರಾದರೂ 34 ಬರೆದರೆ ಆ ಮಗು ಮೇಲಿನದ್ದು ಕೆಳಗಿನದ್ದು ನೋಡದೆ ದೊಡ್ಡದರಲ್ಲಿ ಚಿಕ್ಕದನ್ನು ಕಳೆಯುತ್ತಿದೆ, ದಶಕ ಬಿಡಿಸುವುದು ತಲೆಗೆ ಹೋಗಿಲ್ಲ. ಎರಡನೆಯದು 618 ಭಾಗ 6. ಉತ್ತರ 103, ತುಂಬ ಮಕ್ಕಳು 13 ಅನ್ನುತ್ತಾರೆ. ಒಬ್ಬ ತಪ್ಪಿದರೆ ಮಗುವಿನದು. ಆರಕ್ಕೆ ಐವರೂ ಅದೇ 13 ಬರೆದರೆ ತಪ್ಪು ಹಲಗೆಯಿಂದಲೇ ಬಂದದ್ದು. ಇದೇ ಸೂತ್ರ ನೋಟ್ಸಿಗೂ: ನಾಲ್ಕು ಮಕ್ಕಳ ಪುಸ್ತಕ ತೆರೆದು ಒಂದೇ ಕಡೆ ಒಂದೇ ಅಕ್ಷರ ತಪ್ಪು ಕಂಡರೆ ಅಲ್ಲಿ ನಡೆಯುತ್ತಿರುವುದು ಬರವಣಿಗೆಯಲ್ಲ, ಹಲಗೆ ನೋಡಿ ಇಳಿಸುವುದು.

ಇಂಗ್ಲಿಷ್ ಮಾಧ್ಯಮದ ವಿಷಯ ಬಂದರೆ ಹೆತ್ತವರ ಕಿವಿ ನಿಮಿರುತ್ತದೆ. 2019-20ರಲ್ಲಿ ಒಂದು ಸಾವಿರ ಸರ್ಕಾರಿ ಶಾಲೆಗಳಲ್ಲಿ ಒಂದನೇ ತರಗತಿಯಿಂದ ಇಂಗ್ಲಿಷ್ ಮಾಧ್ಯಮ ವಿಭಾಗ ಶುರುವಾದ ಮೇಲೆ ಇದೇ ಮೊದಲ ಪ್ರಶ್ನೆ. ಫಲಕದಲ್ಲಿ ಏನಿದೆ ಅನ್ನುವುದಕ್ಕಿಂತ ಎರಡು ಮಾಧ್ಯಮದ ಮಕ್ಕಳು ಒಂದೇ ಕೋಣೆಯಲ್ಲಿ ಕೂತಿದ್ದಾರಾ ನೋಡಿ. ಕೂತಿದ್ದರೆ ಪಾಠ ಕನ್ನಡದಲ್ಲೇ, ಪುಸ್ತಕ ಮಾತ್ರ ಇಂಗ್ಲಿಷು. ಬೇರೆ ಕೋಣೆ, ಬೇರೆ ಶಿಕ್ಷಕರು ಇದ್ದರೆ ಕನ್ನಡ ವಿಭಾಗದಲ್ಲಿ ಎಷ್ಟು ಮಕ್ಕಳು ಉಳಿದಿದ್ದಾರೆ, ಅವರ ಪಾಲಿಗೆ ಯಾರು ಅಂತಲೂ ಕೇಳಿ. ನಾಲ್ಕು ಶಿಕ್ಷಕರ ಶಾಲೆ ಎರಡು ಮಾಧ್ಯಮ ಇಟ್ಟುಕೊಂಡರೆ ತರಗತಿಗಳ ಸಂಖ್ಯೆ ಕಾಗದದ ಮೇಲೆ ಎರಡು ಪಟ್ಟು, ಮೇಷ್ಟ್ರು ಅಷ್ಟೇ.

ಎಂಟನೇ ತರಗತಿ ಇನ್ನೊಂದು ಕವಲು. ಹಿರಿಯ ಪ್ರಾಥಮಿಕ ಶಾಲೆಯಲ್ಲೇ ಎಂಟು ಇದ್ದರೆ ಒಂದು ವರ್ಷ ಬಸ್ ಖರ್ಚು ಉಳಿಯುತ್ತದೆ ಅಂತ ಅಲ್ಲೇ ಬಿಡುವವರಿದ್ದಾರೆ. ಆ ಶಾಲೆಯಲ್ಲಿ ಗಣಿತ-ವಿಜ್ಞಾನಕ್ಕೆ ಪದವೀಧರ ಶಿಕ್ಷಕರು, ಜಿಪಿಟಿ ಅನ್ನುತ್ತಾರೆ, ಇದ್ದರೆ ಬಿಡಬಹುದು. ಇಲ್ಲದಿದ್ದರೆ ಎಂಟಕ್ಕೇ ಹೈಸ್ಕೂಲಿಗೆ ಹೋಗುವುದು ಮೇಲು. ಒಂಬತ್ತಕ್ಕೆ ಹೋಗಿ ಬೀಜಗಣಿತ ಮೊದಲ ಸಲ ನೋಡುವ ಮಗು ಆ ಅಂತರ ತುಂಬಿಕೊಳ್ಳುವುದು ಕಷ್ಟ.

ಹೈಸ್ಕೂಲುಗಳನ್ನು ತಾಳೆ ಹಾಕುವಾಗ ಎಸ್ಸೆಸ್ಸೆಲ್ಸಿ ಪರ್ಸೆಂಟು ತಪ್ಪಿಸಿಕೊಳ್ಳಲಾಗದ್ದು, ಆದರೆ ಅದನ್ನು ಬಿಡಿಸಿ ನೋಡಬೇಕು. 12 ಮಕ್ಕಳು ಬರೆದ ಶಾಲೆಯಲ್ಲಿ ಒಬ್ಬ ಫೇಲಾದರೆ 8.3 ಪರ್ಸೆಂಟು ಹೋಗುತ್ತದೆ. ಹಾಗಾಗಿ ಮೂರು ವರ್ಷ ಕೂಡಿಸಿ: 12ಕ್ಕೆ 11, 14ಕ್ಕೆ 9, 16ಕ್ಕೆ 15 ಅಂದರೆ ಒಟ್ಟು 42ಕ್ಕೆ 35, ಸುಮಾರು 83. ವರ್ಷ-ವರ್ಷದ ಏರಿಳಿತವನ್ನು ರಾಜ್ಯದ ಜೊತೆ ಇಟ್ಟು ನೋಡಿ. 2023ರಲ್ಲಿ ರಾಜ್ಯದ ಫಲಿತಾಂಶ 83.89 ಇತ್ತು, 2024ರಲ್ಲಿ ಪರೀಕ್ಷಾ ಕೊಠಡಿಗೆ ಕ್ಯಾಮೆರಾ, ವೆಬ್‌ಕಾಸ್ಟಿಂಗ್ ಬಂದ ವರ್ಷ ಅದು 73.40ಕ್ಕೆ ಇಳಿಯಿತು. ಆ ಎರಡು ವರ್ಷದ ನಡುವೆ ಹತ್ತು ಇಳಿದ ಶಾಲೆ ರಾಜ್ಯದ ಜೊತೆ ಇಳಿದದ್ದು. ನಲವತ್ತು ಇಳಿದ ಶಾಲೆಯ ಹಳೆ ಫಲಿತಾಂಶವನ್ನು ಮರೆತುಬಿಡಿ.

ಇನ್ನೊಂದು ಲೆಕ್ಕ ಯಾರೂ ಕೇಳುವುದಿಲ್ಲ. ಈ ಸಲ ಹತ್ತನೇ ಕ್ಲಾಸು ಬರೆದ ಬ್ಯಾಚು ಎಂಟಕ್ಕೆ ಸೇರಿದಾಗ ಎಷ್ಟಿತ್ತು? 48 ಸೇರಿ, 37 ಬರೆದು, 34 ಪಾಸಾದರೆ ಬ್ಯಾನರಿನಲ್ಲಿ 92 ಪರ್ಸೆಂಟು. ಸೇರಿದವರ ಲೆಕ್ಕದಲ್ಲಿ 71. ನಡುವಿನ 11 ಮಕ್ಕಳು ಊರು ಬಿಟ್ಟರೋ, ಮದುವೆಯಾದರೋ, ಒಂಬತ್ತರಲ್ಲಿ ಟಿಸಿ ಕೊಟ್ಟು ಕಳಿಸಿದರೋ, ಕೇಳಿ ನೋಡಿ. ಮತ್ತೆ ಆದರ್ಶ ವಿದ್ಯಾಲಯ, ಮೊರಾರ್ಜಿ ದೇಸಾಯಿ ವಸತಿ ಶಾಲೆ, ನವೋದಯಗಳ ಫಲಿತಾಂಶವನ್ನು ಊರಿನ ಹೈಸ್ಕೂಲಿನ ಪಕ್ಕ ಇಡಲೇಬೇಡಿ. ಅವು ಆರನೇ ತರಗತಿಗೆ ಪರೀಕ್ಷೆ ಮಾಡಿ ಆರಿಸಿಕೊಳ್ಳುತ್ತವೆ; ಊರಿನ ಶಾಲೆ ಬಂದವರನ್ನೆಲ್ಲ ಸೇರಿಸಿಕೊಳ್ಳುತ್ತದೆ. ಹೋಬಳಿಯ ಹುಷಾರು ಮಕ್ಕಳನ್ನು ಆ ಕಡೆ ಕಳಿಸಿ, ಉಳಿದವರಲ್ಲಿ ಮೂರು ವರ್ಷ 80ರ ಮೇಲೆ ನಿಲ್ಲಿಸಿದ ಹೈಸ್ಕೂಲು ಇದ್ದರೆ ಅಲ್ಲಿ ಗಣಿತದ ಮೇಷ್ಟ್ರು ಯಾರು ಅಂತ ಹುಡುಕಿಕೊಂಡು ಹೋಗಿ ಮಾತಾಡಿಸಿ.

ಬಸ್ಸು ಕೊನೆಗೆ ನೋಡುವ ವಿಷಯ ಅನಿಸಬಹುದು, ಎಷ್ಟೋ ಸಲ ಅದೇ ತೀರ್ಮಾನ ಮಾಡುತ್ತದೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹುಡುಗಿಯರಿಗೆ ಸರ್ಕಾರಿ ಬಸ್ಸಿನ ಟಿಕೆಟ್ಟಿಲ್ಲ, ಹುಡುಗರಿಗೆ ವಿದ್ಯಾರ್ಥಿ ಪಾಸು ಮಾಡಿಸಬೇಕು. ದುಡ್ಡಿಗಿಂತ ಹೊತ್ತು ಮುಖ್ಯ. ಬಸ್ಸು ಬರುವುದು ಹತ್ತೂ ಇಪ್ಪತ್ತಕ್ಕೆ, ಶಾಲೆ ಹತ್ತಕ್ಕೆ ಅಂದರೆ ಆ ಮಗುವಿಗೆ ದಿನಾ ಮೊದಲ ಪೀರಿಯಡ್ ಅರ್ಧ ಹೋಯಿತು, ಸಾಮಾನ್ಯವಾಗಿ ಅದು ಗಣಿತದ್ದೋ ಇಂಗ್ಲಿಷಿನದೋ ಆಗಿರುತ್ತದೆ. ಹತ್ತನೇ ಕ್ಲಾಸಿಗೆ ಸಂಜೆ ವಿಶೇಷ ತರಗತಿ ಇರುತ್ತದೆ. ಕೊನೆ ಬಸ್ಸು ನಾಲ್ಕೂಮುಕ್ಕಾಲಿಗೆ ಇದ್ದರೆ ದೂರದ ಊರಿನ ಮಕ್ಕಳು ಕಿಟಕಿ ಪಕ್ಕ ಚೀಲ ಹಾಕಿಕೊಂಡೇ ಕೂತಿರುತ್ತಾರೆ. ಒಂದು ದಿನ ಆ ಬಸ್ಸಿನಲ್ಲೇ ಹೋಗಿ ಬನ್ನಿ.

ಸೇರಿಸುವಾಗ ಒಂದನೇ ತರಗತಿಗೆ ಜೂನ್ 1ಕ್ಕೆ 6 ವರ್ಷ ತುಂಬಿರಬೇಕು ಅನ್ನುವುದು ನಿಯಮ. 2025-26ನೇ ಸಾಲಿಗೆ ಮಾತ್ರ ಅಂತ ಹೇಳಿ ಐದು ವರ್ಷ ಐದು ತಿಂಗಳಿಗೆ ಸಡಿಲಿಸಿದ್ದರು. ಇಂಥ ಸಡಿಲಿಕೆ ಸುತ್ತೋಲೆ ಮೇಲೆ ಬರುವುದರಿಂದ ಆಯಾ ವರ್ಷದ್ದನ್ನು ಆಯಾ ವರ್ಷವೇ ಕೇಳಬೇಕು. ಒಂದು ಶಾಲೆಯಿಂದ ಇನ್ನೊಂದಕ್ಕೆ ಬದಲಾಯಿಸುವವರಿಗೆ ಟಿಸಿ ತಡವಾಯಿತು ಅಂತ ಎಂಟನೇ ತರಗತಿವರೆಗೆ ಸೇರಿಸಿಕೊಳ್ಳದೆ ಕಳಿಸುವಂತಿಲ್ಲ, ಕಾಯ್ದೆಯಲ್ಲೇ ಇದೆ. ಸ್ಯಾಟ್ಸ್‌ನಲ್ಲಿ, ಅಂದರೆ ಮಕ್ಕಳ ದಾಖಲೆ ಇಡುವ ಇಲಾಖೆಯ ಆನ್‌ಲೈನ್ ವ್ಯವಸ್ಥೆಯಲ್ಲಿ, ಹಳೆ ಶಾಲೆಯವರು ಮಗುವಿನ ದಾಖಲೆ ಬಿಟ್ಟುಕೊಟ್ಟರಾ ಅಂತ ಮಾತ್ರ ಬೆನ್ನುಹತ್ತಿ ಕೇಳಿ.

ನೋಟ್‌ಬುಕ್ಕನ್ನು ಅಷ್ಟಕ್ಕೇ ಎತ್ತಿಡಬೇಡಿ. ಶಿಕ್ಷಕರ ವರ್ಗಾವಣೆಯ ಲೆಕ್ಕದಲ್ಲಿ ಹಳ್ಳಿಗಳು ಬಹುತೇಕ ಪೇಟೆಯಿಂದ ದೂರದ 'ಸಿ' ವಲಯ. ವರ್ಷಗಟ್ಟಲೆ ಅಲ್ಲೇ ದುಡಿದ ಶಿಕ್ಷಕರು ವರ್ಗಾವಣೆ ಕೌನ್ಸೆಲಿಂಗ್ ಬಂದಾಗ ತಮ್ಮ ಊರ ಹತ್ತಿರದ ಜಾಗ ಕೇಳುವುದು ಸಹಜ. ಜನವರಿಯಲ್ಲಿ ನೀವು ಮೆಚ್ಚಿದ ನಲಿ-ಕಲಿ ಮೇಡಂ ಜುಲೈಯಲ್ಲಿ ಇಲ್ಲದಿರಬಹುದು. ಹಾಗಾಗಿ ಕೌನ್ಸೆಲಿಂಗ್ ಮುಗಿದ ವಾರ ಸಿಆರ್‌ಪಿಗೆ ಮತ್ತೊಂದು ಫೋನು ಮಾಡಿ ಅದೇ ನಾಲ್ಕು ಪ್ರಶ್ನೆ ಕೇಳಿ: ಮಂಜೂರು ಎಷ್ಟು, ಭರ್ತಿ ಎಷ್ಟು, ನಿಯೋಜನೆ ಎಷ್ಟು, ಅತಿಥಿಗಳು ಬಂದರಾ. ಉತ್ತರ ಬದಲಾಗಿದ್ದರೆ ಹಳೆ ಅಂಕಿಗೆ ಗೆರೆ ಹೊಡೆದು ಪಕ್ಕದಲ್ಲಿ ಹೊಸದು ಬರೆದು, ನಿಮಿಷದ ಭಾಗಾಕಾರ ಇನ್ನೊಂದು ಸಲ ಮಾಡಿ.